ಒಂದು ಗಂಟೆಗೆ ಬೀಳೋ ಗುಂಡು ನೋಡೋಕೆ ಒಂದೂವರೆಗೆ ತಲುಪಿದ ಕಥೆ: ವಿಲಿಯಮ್ಸ್‌ಟೌನ್, ಮೆಲ್ಬರ್ನ್

ಮೊದಲೇ ಹೇಳ್ಬಿಡ್ತೀನಿ, ಇದು ಮೆಲ್ಬರ್ನ್ ಟ್ರಿಪ್ಪಿನ ಪೂರ್ತಿ ಕಥೆ ಅಲ್ಲ. ಪಾಯಿಂಟ್ ಕುಕ್‌ನಲ್ಲಿರೋ ತಂಗಿ ಮನೇಲಿ ಹನ್ನೆರಡು ದಿನ ಇದ್ವಿ, ಗ್ರೇಟ್ ಓಷನ್ ರೋಡು ಪೆಂಗ್ವಿನ್ನು ಎಲ್ಲಾ ಆಯ್ತು, ಅದನ್ನ ಬರೆಯೋಕೆ ಬೇರೆಯವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೀತಿರೋದು ಒಂದು ಭಾನುವಾರದ ಬಗ್ಗೆ ಮಾತ್ರ. ನಾನು, ಹೆಂಡ್ತಿ, ಅಮ್ಮ ಮೂರು ಜನ ವಿಲಿಯಮ್ಸ್‌ಟೌನ್‌ಗೆ ಹೋಗಿದ್ವಿ. ಸಿಟಿಯಿಂದ ಕೊಲ್ಲಿಯ ಆಚೆ ದಡದಲ್ಲಿರೋ ಹಳೇ ಬಂದರು ಅದು, ಹಡಗಿನವರಿಗೆ ಟೈಮ್ ತೋರಿಸೋಕೆ ಅಂತ ಒಂದು ಗಂಟೆಗೆ ಗೋಪುರದ ಮೇಲಿಂದ ದೊಡ್ಡ ಗುಂಡು ಬೀಳಿಸ್ತಿದ್ದ ಜಾಗ.

ತಂಗಿ ಮನೆ ಹತ್ತಿರ ವಿಲಿಯಮ್ಸ್ ಲ್ಯಾಂಡಿಂಗ್ ಅಂತ ಸ್ಟೇಷನ್ ಇದೆ. ಹೆಸರು ಕೇಳಿ ಇದೇ ವಿಲಿಯಮ್ಸ್‌ಟೌನ್ ಅಂತ ತಿಳ್ಕೋಬೇಡಿ, ಎರಡೂ ಬೇರೆ ಬೇರೆ. ಅಲ್ಲಿಂದ ನ್ಯೂಪೋರ್ಟ್ ತನಕ ಬಂದು ವಿಲಿಯಮ್ಸ್‌ಟೌನ್ ಲೈನಿಗೆ ಟ್ರೈನ್ ಬದಲಾಯಿಸ್ಬೇಕು, ಅಲ್ಲಿಂದ ಮೂರೇ ಸ್ಟೇಷನ್ನು. ಫೋನ್ ನೋಡಿ ಎಲ್ಲಾ ಲೆಕ್ಕ ಹಾಕಿ ಹನ್ನೆರಡು ಗಂಟೆಗೆಲ್ಲಾ ಅಲ್ಲಿರ್ತೀವಿ ಅಂತ ಹೊರಟ್ವಿ. ನ್ಯೂಪೋರ್ಟಲ್ಲಿ ಇಳಿದ್ರೆ ಕಿತ್ತಳೆ ಜಾಕೆಟ್ ಹಾಕಿರೋ ಹುಡುಗಿಯೊಬ್ಬಳು ನಗ್ತಾ ನಿಂತಿದ್ಲು, ಈ ವೀಕೆಂಡು ಟ್ರ್ಯಾಕ್ ಕೆಲಸ, ಟ್ರೈನ್ ಇಲ್ಲ, ಬದಲಿ ಬಸ್ಸು ಬರುತ್ತೆ ಅಂದ್ಲು. ಬಸ್ಸು ಬಂತು, ಬರ್ಲಿಲ್ಲ ಅಂತ ಹೇಳಲ್ಲ, ಆದ್ರೆ ಮುಕ್ಕಾಲು ಗಂಟೆ ಬಿಟ್ಟು ಬಂತು. ಆ ಗಾಳೀಲಿ ಅಮ್ಮನ್ನ ಕೂರಿಸೋಕೆ ಒಂದು ಬೆಂಚೂ ಇರ್ಲಿಲ್ಲ, ಎದುರಿಗಿದ್ದ ಅಂಗಡಿ ಕಟ್ಟೆ ಮೇಲೆ ಕೂರಿಸಿದ್ವಿ. ಬಂದ ಬಸ್ಸು ಕೂಡ ಸೀದಾ ಹೋಗೋದಲ್ಲ, ಮಧ್ಯದ ಪ್ರತಿ ಸ್ಟೇಷನ್ ಬಾಗಿಲಿಗೂ ಹೋಗಿ ಯಾರೂ ಹತ್ತದೇ ಇದ್ರೂ ಎರಡು ನಿಮಿಷ ನಿಂತು ಮತ್ತೆ ಸುತ್ತು ಹಾಕೋದು. ಭಾನುವಾರ ಹೋಗೋರಾದ್ರೆ ಹಿಂದಿನ ರಾತ್ರಿನೇ ಆ ಲೈನಿಗೆ ಕೆಲಸ ಇದ್ಯಾ ಅಂತ ನೋಡ್ಕೊಳ್ಳಿ, ಇದ್ರೆ ಇನ್ನೊಂದು ದಿನ ಹೋಗಿ. ನನಗೆ ಜನಜಂಗುಳಿ ಪರವಾಗಿಲ್ಲ, ಮೆಜೆಸ್ಟಿಕ್‌ನಲ್ಲಿ ಬೆಳೆದೋನು, ಕಾಯೋದು ಮಾತ್ರ ಆಗಲ್ಲ.

ನನಗೆ ಉರಿದಿದ್ದಕ್ಕೆ ಕಾರಣ ಇತ್ತು. ನಾನು ಹೋಗಿದ್ದೇ ಪಾಯಿಂಟ್ ಗೆಲ್ಲಿಬ್ರಾಂಡ್ ತುದೀಲಿರೋ ಟೈಮ್‌ಬಾಲ್ ಗೋಪುರ ನೋಡೋಕೆ. 1849ರಲ್ಲಿ ಲೈಟ್‌ಹೌಸ್ ಅಂತ ಕಲ್ಲಲ್ಲಿ ಕಟ್ಟಿದ್ದು, ಆ ಕಲ್ಲಿಗೆ ಆ ಊರಲ್ಲಿ ಬ್ಲೂಸ್ಟೋನ್ ಅಂತಾರೆ, ಹೆಸರಿಗೆ ನೀಲಿ, ನೋಡೋಕೆ ನಮ್ಮ ಕರಿಕಲ್ಲೇ. ಗೋಪುರದ ತುದೀಲಿ ಒಂದು ಕಂಬ, ಕಂಬಕ್ಕೆ ಒಂದು ದೊಡ್ಡ ಗುಂಡು. 1853ರಲ್ಲಿ ಶುರುವಾಗಿದ್ದು ಈ ಪದ್ಧತಿ, ಒಂದು ಗಂಟೆಗೆ ಸ್ವಲ್ಪ ಮುಂಚೆ ಗುಂಡನ್ನ ಮೇಲೆ ಏರಿಸೋದು, ಸರಿಯಾಗಿ ಒಂದಕ್ಕೆ ಕೆಳಗೆ ಬಿಡೋದು. ಕೊಲ್ಲೀಲಿ ನಿಂತಿರೋ ಹಡಗಿನವರೆಲ್ಲಾ ದುರ್ಬೀನು ಹಿಡಿದು ನೋಡ್ತಾ ಇದ್ದು ಗುಂಡು ಬಿದ್ದ ಕ್ಷಣಕ್ಕೆ ತಮ್ಮ ಗಡಿಯಾರ ಸರಿ ಮಾಡ್ಕೊಳ್ಳೋರು, ಯಾಕಂದ್ರೆ ಆಗ ಸಮುದ್ರದ ಮಧ್ಯೆ ತಾವು ಪೂರ್ವ ಪಶ್ಚಿಮದಲ್ಲಿ ಎಲ್ಲಿದ್ದೀವಿ ಅಂತ ತಿಳಿಯೋಕೆ ನಿಖರವಾದ ಟೈಮೇ ಆಧಾರ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ, ಹಾಗಾಗಿ ಗಡಿಯಾರ ಬರೀ 4 ಸೆಕೆಂಡು ತಪ್ಪಿದ್ರೂ ಸಮಭಾಜಕದ ಹತ್ತಿರ ಸುಮಾರು 1.85 ಕಿಲೋಮೀಟರ್ ಲೆಕ್ಕ ತಪ್ಪುತ್ತೆ. ಬಸ್ಸಲ್ಲಿ ಕೂತು ಬೇರೆ ಕೆಲಸ ಇಲ್ಲದೆ ನಮ್ಮ ಲೇಟಿಗೂ ಲೆಕ್ಕ ಹಾಕಿದೆ. ಅರ್ಧ ಗಂಟೆ ಅಂದ್ರೆ ಏಳೂವರೆ ಡಿಗ್ರಿ, ಮಂಗಳೂರಿಗೆ ಹೊರಟ ಹಡಗು ಬಂಗಾಳ ಕೊಲ್ಲೀಲಿ ಇರುತ್ತೆ!

ತಲುಪಿದಾಗ ಒಂದೂವರೆ. ಅಲ್ಲಿ ನಾಯಿ ಹಿಡ್ಕೊಂಡು ವಾಕಿಂಗ್ ಮಾಡ್ತಿದ್ದ ಮುದುಕರೊಬ್ಬರನ್ನ ಗುಂಡು ಬಿತ್ತಾ ಅಂತ ಕೇಳಿದ್ರೆ, ಕೆಲವು ದಿನ ಬೀಳುತ್ತೆ ಕೆಲವು ದಿನ ರಿಪೇರಿ, ಇವತ್ತು ನಾನೂ ಗಮನಿಸ್ಲಿಲ್ಲ ಅಂದ್ರು. ಅಲ್ಲಿಗೆ ಮುಗೀತು. 1926ರ ತನಕ ಅದು ನಿಜವಾದ ಕೆಲಸಕ್ಕೆ ಬಿದ್ದ ಗುಂಡು, ಆಮೇಲೆ ರೇಡಿಯೋ ಬಂದು ಕೆಲಸ ಕಿತ್ಕೊಂತು, ಈಗಿರೋದು ನೆನಪಿಗೋಸ್ಕರ ಸರಿ ಮಾಡಿಟ್ಟಿದ್ದು. ಅದಕ್ಕೇ ಹೇಳ್ತಿದೀನಿ, ಗುಂಡಿಗೋಸ್ಕರ ಮಾತ್ರ ಹೋಗ್ಬೇಡಿ.

ಆದ್ರೆ ಆ ಜಾಗಕ್ಕೆ ಹೋಗಲೇಬೇಕು. ಸ್ಟೇಷನ್‌ನಿಂದ ಹದಿನೈದು ನಿಮಿಷದ ನಡಿಗೆ, ಭಾನುವಾರದ ಮಧ್ಯಾಹ್ನಾನೂ ಹತ್ತು ಜನ ಇರ್ಲಿಲ್ಲ. ಮೂರು ಕಡೆ ಸಮುದ್ರ, ಎದುರಿಗೆ ಸಿಟಿ ಬಿಲ್ಡಿಂಗುಗಳು, ಎಡಕ್ಕೆ ದೂರದಲ್ಲಿ ವೆಸ್ಟ್ ಗೇಟ್ ಸೇತುವೆ. ಕಟ್ಟುವಾಗಲೇ 1970ರ ಅಕ್ಟೋಬರ್ 15ಕ್ಕೆ ಆ ಸೇತುವೆ ಕುಸಿದು 35 ಕೆಲಸಗಾರರು ಸತ್ತಿದ್ರು, ನಾವು ದಿನಾ ಅದರ ಮೇಲೇ ಸಿಟಿಗೆ ಹೋಗಿ ಬರ್ತಿದ್ವಿ, ನನಗೆ ಗೊತ್ತೇ ಇರ್ಲಿಲ್ಲ.

ಈ ತುದೀಲಿ ನಿಂತಾಗ ಊರಿನ ಕಥೆ ಅರ್ಥ ಆಗುತ್ತೆ. ಇದು ಯಾಲುಕಿಟ್ ವಿಲ್ಲಮ್ ಜನರ ನೆಲ, ಅವರು ಇದನ್ನ ಕೂರ್ಟ್ ಬೂರ್ಕ್ ಬೂರ್ಕ್ ಅಂತಿದ್ರು, ಅಂದ್ರೆ ಶೀ ಓಕ್ ಮರದ ತೋಪು. ನಮ್ಮ ಸರ್ವೆ ಮರದ ಜಾತಿದೇ ಅದು, ಅಮ್ಮ ನೋಡಿದ ತಕ್ಷಣ ಕಂಡುಹಿಡಿದ್ರು. 1837ರಲ್ಲಿ ಗವರ್ನರ್ ಬರ್ಕ್ ಬಂದು ರಾಜ ನಾಲ್ಕನೇ ವಿಲಿಯಮ್ ಹೆಸರಿಟ್ಟ, ಮೆಲ್ಬರ್ನ್‌ಗೂ ಅದೇ ಸಲ ಹೆಸರು ಬಿತ್ತು. ದೊಡ್ಡ ಹಡಗು ನಿಲ್ಲೋ ಆಳ ಇದ್ದಿದ್ದು ಇಲ್ಲಿ, ಯಾರಾ ನದಿ ಒಳಗೆ ಅವು ಹೋಗೋ ಹಾಗಿರ್ಲಿಲ್ಲ. ಹಾಗಿದ್ರೂ ಮೆಲ್ಬರ್ನ್ ಸಿಟಿ ಬೆಳೆದಿದ್ದು ಆ ನದಿ ದಡದಲ್ಲಿ, ಯಾಕಂದ್ರೆ ಇಲ್ಲಿ ಕುಡಿಯೋ ನೀರಿಲ್ಲ, ದೋಣೀಲಿ ತರಿಸ್ಕೋಬೇಕಿತ್ತು. ನೀರಿನ ಟ್ಯಾಂಕರ್ ಕಥೆ ಬೆಂಗಳೂರಿನವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ ಅಲ್ವಾ.

1851ರಲ್ಲಿ ಚಿನ್ನ ಸಿಕ್ಕಿದ್ದೇ ತಡ, ಬಂದ ಹಡಗಿನ ಕೆಲಸದವರೆಲ್ಲಾ ಗಣಿಗೆ ಓಡಿಹೋದ್ರು, ಹಡಗುಗಳು ಖಾಲಿ ನಿಂತವು. ಜೈಲುಗಳು ತುಂಬಿದ್ವಲ್ಲ, ಸರ್ಕಾರ ಆ ಹಡಗುಗಳನ್ನೇ ಕೊಂಡು ತೇಲೋ ಜೈಲು ಮಾಡ್ತು. ಅಲ್ಲಿನ ಕೈದಿಗಳು ಇದೇ ತುದೀಲಿ ಕಲ್ಲು ಒಡೀತಿದ್ರು. 1857ರ ಮಾರ್ಚ್‌ನಲ್ಲಿ ಜೈಲುಗಳ ಮೇಲಧಿಕಾರಿ ಜಾನ್ ಪ್ರೈಸ್ ದೂರು ಕೇಳೋಕೆ ಅಂತ ಬಂದಾಗ ಕೈದಿಗಳು ಮೇಲೆ ಬಿದ್ದು ಹೊಡೆದು ಸಾಯಿಸಿದ್ರು, ಅದಕ್ಕೆ ಏಳು ಜನರನ್ನ ಗಲ್ಲಿಗೆ ಹಾಕಿದ್ರು. ನೆಡ್ ಕೆಲ್ಲಿ ಹೆಸರು ಕೇಳಿರ್ತೀರಲ್ಲ, ಆ ಡಕಾಯಿತ, ಅವನೂ 1873ರಲ್ಲಿ ಹದಿನೆಂಟು ವರ್ಷದ ಹುಡುಗನಾಗಿದ್ದಾಗ ಸಾಕ್ರಮೆಂಟೋ ಅನ್ನೋ ಇಂಥದ್ದೇ ಹಡಗಲ್ಲಿ ಕೈದಿಯಾಗಿದ್ದು ಇಲ್ಲಿನ ಕಡಲಗೋಡೆ ಕಟ್ಟೋ ಕೆಲಸ ಮಾಡಿದ್ದ. ಈಗ ಅಲ್ಲಿ ಹುಲ್ಲು, ಸೈಕಲ್ ದಾರಿ, ಮಕ್ಕಳ ಗಾಳಿಪಟ. ಒಂದು ಜಾಕೆಟ್ ಜಾಸ್ತಿನೇ ತಗೊಂಡು ಹೋಗಿ, ಬಿಸಿಲಿಗೂ ಗಾಳಿಗೂ ಮರೆ ಅನ್ನೋದಿಲ್ಲ.

ಅಲ್ಲಿಂದ ಜೆಮ್ ಪಿಯರ್ ಕಡೆ ನಡೆದ್ರೆ ಎಚ್‌ಎಂಎಎಸ್ ಕ್ಯಾಸಲ್‌ಮೇನ್ ಅನ್ನೋ ಯುದ್ಧದ ಹಡಗು ಕಟ್ಟಿ ನಿಲ್ಲಿಸಿದ್ದಾರೆ, ಇದೇ ಊರಿನ ಡಾಕ್‌ಯಾರ್ಡಲ್ಲಿ ಕಟ್ಟಿದ್ದು, 1942ರಲ್ಲಿ ನೌಕಾಪಡೆಗೆ ಸೇರಿದ್ದು. ವೀಕೆಂಡಲ್ಲಿ ಒಳಗೆ ಬಿಡ್ತಾರೆ, ಟಿಕೆಟ್ ದೊಡ್ಡದಲ್ಲ. ನನಗೆ ಖುಷಿಯಾಗಿದ್ದು ಏನಂದ್ರೆ ಈ ಜಾತಿ ಹಡಗು ಆಸ್ಟ್ರೇಲಿಯಾದಲ್ಲಿ ಒಟ್ಟು 60 ಕಟ್ಟಿದ್ರು, ಅದರಲ್ಲಿ ನಾಲ್ಕು ಆಗಿನ ನಮ್ಮ ರಾಯಲ್ ಇಂಡಿಯನ್ ನೇವಿಗೆ, ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್ ಅಂತ. ಆ ಬೆಂಗಾಲ್ ಹಡಗು 1942ರ ನವೆಂಬರ್‌ನಲ್ಲಿ ಒಂದು ಡಚ್ ಎಣ್ಣೆ ಹಡಗಿನ ಜೊತೆ ಬರ್ತಿದ್ದಾಗ ತನಗಿಂತ ತುಂಬಾ ದೊಡ್ಡದಾದ ಎರಡು ಜಪಾನಿ ಹಡಗುಗಳು ಎದುರಾದವು, ಅದರಲ್ಲಿ ಒಂದು ಮುಳುಗಿ ಹೋಯ್ತು, ನಮ್ಮದು ಉಳ್ಕೊಂತು. ಏಣಿಗಳು ಭಾರಿ ಕಡಿದು, ಅಮ್ಮ ಮೇಲೇ ಕೂತ್ರು, ಮಂಡಿ ನೋವಿರೋರನ್ನ ಒಳಗೆ ಇಳಿಸ್ಬೇಡಿ.

ಇನ್ನು ಮೋಸ ಹೋದ ಕಥೆ. ದಡದ ಉದ್ದಕ್ಕೂ ನೆಲ್ಸನ್ ಪ್ಲೇಸ್ ಅಂತ ರಸ್ತೆ, ಹಳೇ ಕಟ್ಟಡಗಳು ಚೆನ್ನಾಗಿವೆ, ಅದರಲ್ಲೆಲ್ಲಾ ಕೆಫೆಗಳು. ನಡೆದು ಸುಸ್ತಾಗಿ ಒಂದಕ್ಕೆ ನುಗ್ಗಿದ್ವಿ. ಎರಡು ಕಾಫಿ, ಒಂದು ಬಿಸಿನೀರು ನಿಂಬೆಹಣ್ಣು, ಒಂದು ಚೀಸ್ ಟೋಸ್ಟು, ಒಂದು ಬಟ್ಟಲು ಆಲೂಗಡ್ಡೆ ಚಿಪ್ಸು. 46 ಡಾಲರ್ ಆಗುತ್ತೆ ಅಂತ ನಾನು ಮೆನು ನೋಡಿ ಕೂಡಿಟ್ಟಿದ್ದೆ, ಬಿಲ್ಲು ಬಂದಿದ್ದು 51ರ ಮೇಲೆ. ಯಾಕೆ ಅಂದ್ರೆ ಭಾನುವಾರದ ಸರ್‌ಚಾರ್ಜ್ ನೂರಕ್ಕೆ ಹತ್ತು, ಅದರ ಮೇಲೆ ಕಾರ್ಡಿಗೆ ಬೇರೆ. ಮೆನು ಕೆಳಗೆ ಇರುವೆ ಸಾಲಿನ ಹಾಗೆ ಬರೆದಿದ್ರಂತೆ. ಈ ದೇಶದಲ್ಲಿ ಭಾನುವಾರ, ಹಬ್ಬದ ರಜಾ ದಿನ ಬಹಳ ಕಡೆ ಹೀಗೇ ತಗೊಳ್ತಾರೆ, ಕೂರೋಕೆ ಮುಂಚೆ ಕೇಳಿ. ಸಾಲದು ಅಂತ ಅರ್ಧ ಚಿಪ್ಸು ಸೀಗಲ್ ಹಕ್ಕಿ ಹೊತ್ಕೊಂಡು ಹೋಯ್ತು, ತಟ್ಟೆಗೇ ಬಾಯಿ ಹಾಕುತ್ತೆ, ನಾಚಿಕೆ ಇಲ್ಲದ್ದು.

ಹೊಟ್ಟೆ ತುಂಬಿಲ್ಲ, ಅಮ್ಮಂಗೆ ಸಿಟ್ಟು. ನ್ಯೂಪೋರ್ಟಿಗೆ ವಾಪಸ್ ಬಂದು ಸಿಟಿ ಕಡೆ ಟ್ರೈನ್ ಹತ್ತಿ ಫುಟ್‌ಸ್ಕ್ರೇನಲ್ಲಿ ಇಳಿದ್ವಿ. ವಿಯೆಟ್ನಾಂ ಅಂಗಡಿ, ಆಫ್ರಿಕಾ ಅಂಗಡಿ, ತರಕಾರಿ ಮಾರ್ಕೆಟ್ಟು, ಗಲಾಟೆ, ನನಗೆ ಮನೆಗೆ ಬಂದಂಗಾಯ್ತು. ಸ್ಟೇಷನ್ ಹತ್ತಿರಾನೇ ಒಂದು ಸಣ್ಣ ಇಥಿಯೋಪಿಯಾ ಹೋಟ್ಲು, ಆರು ಟೇಬಲ್ಲು ಅಷ್ಟೇ. ನಾವು ಸಸ್ಯಾಹಾರಿ ಅಂದ ತಕ್ಷಣ ಆ ಯಜಮಾನಮ್ಮ, ಹಾಗಾದ್ರೆ ಉಪವಾಸದ ಊಟ ತಗೊಳ್ಳಿ ಅಂದ್ರು. ಅವರ ಕ್ರಿಶ್ಚಿಯನ್ ಪದ್ಧತೀಲಿ ಉಪವಾಸ ಅಂದ್ರೆ ಮಾಂಸ ಮೊಟ್ಟೆ ಹಾಲು ಯಾವುದೂ ಇಲ್ಲ, ಬುಧವಾರ ಶುಕ್ರವಾರ ಸೇರಿ ವರ್ಷದಲ್ಲಿ ತುಂಬಾ ದಿನ ಇರುತ್ತಂತೆ, ಹಾಗಾಗಿ ಆ ಅಡುಗೆಯೇ ಬಲು ದೊಡ್ಡದು, ಬೆಯಾಯ್ನೆತು ಅಂತ ಹೆಸರು. ದೊಡ್ಡ ತಟ್ಟೆ ಮೇಲೆ ಇಂಜೆರಾ ಹಾಸಿದ್ರು. ಟೆಫ್ ಅಂತ ರಾಗಿಗಿಂತ ಸಣ್ಣ ಕಾಳಿನ ಹಿಟ್ಟನ್ನ ಹುಳಿ ಬರಿಸಿ ಒಂದೇ ಕಡೆ ಬೇಯಿಸಿದ ದೋಸೆ ಅದು, ಮೇಲೆಲ್ಲಾ ತೂತು ತೂತು, ನಮ್ಮ ಸೆಟ್ ದೋಸೆ ಮೂರು ದಿನ ಹುಳಿ ಬಂದ್ರೆ ಹೇಗಿರುತ್ತೆ ಹಾಗೆ. ಅದರ ಮೇಲೆ ಮಸೂರ್ ಬೇಳೆ ಖಾರದ ಗೊಜ್ಜು, ಅರಿಶಿನದ ಬಟಾಣಿ ಬೇಳೆ, ಕೋಸು ಆಲೂಗಡ್ಡೆ, ಒಂದು ಸೊಪ್ಪು, ಮಧ್ಯೆ ಕಡ್ಲೆಹಿಟ್ಟಿನ ಶಿರೋ, ಜುಣಕಾನ ತೆಳ್ಳಗೆ ಮಾಡಿ ಬೆಳ್ಳುಳ್ಳಿ ಹಾಕಿದ್ರೆ ಆಗೋ ಹಾಗೆ. ಚಮಚ ಇಲ್ಲ, ಕೈಯಲ್ಲೇ ತಿನ್ನೋದು. ಹನ್ನೊಂದು ದಿನದಿಂದ ಹೊರಗೆ ಎಲ್ಲಿ ಹೋದ್ರೂ ಬ್ರೆಡ್ಡು ಬ್ರೆಡ್ಡು ಅಂತ ಗೊಣಗ್ತಿದ್ದ ಅಮ್ಮ ಒಂದು ಮಾತಾಡದೆ ತಿಂದ್ರು, ಕೊನೆಗೆ ತಳದಲ್ಲಿ ರಸ ಹೀರ್ಕೊಂಡಿದ್ದ ಇಂಜೆರಾನೂ ಬಿಡ್ಲಿಲ್ಲ. ಇಬ್ಬರ ತಟ್ಟೆ 38 ಡಾಲರ್, ಮೂರು ಜನಕ್ಕೂ ಸಾಕಾಗಿ ಉಳೀತು, ಇಂಜೆರಾ ಇನ್ನೆರಡು ಕೇಳದೇನೇ ತಂದು ಹಾಕಿದ್ರು, ಭಾನುವಾರದ ಸರ್‌ಚಾರ್ಜ್ ಅನ್ನೋ ಮಾತೇ ಇಲ್ಲ. ಕಾಫಿ ಬೀಜ ಅಲ್ಲೇ ಹುರಿದು ಮಾಡ್ಕೊಡ್ತಾರೆ, ಅರ್ಧ ಗಂಟೆ ಆಗುತ್ತೆ. ಈ ಅರ್ಧ ಗಂಟೆ ನಾನು ಖುಷಿಯಾಗೇ ಕಾದೆ.

ಬೆಳ್ಳುಳ್ಳಿ ತಿನ್ನದೇ ಇರೋರು ಮೊದಲೇ ಹೇಳಿ, ಎಲ್ಲದಕ್ಕೂ ಹಾಕ್ತಾರೆ. ಕ್ಯಾಶ್ ಇಟ್ಕೊಂಡು ಹೋಗಿ, ನಾವು ಹೋದ ದಿನ ಅವರ ಕಾರ್ಡ್ ಮಷಿನ್ ಕೆಟ್ಟಿತ್ತು, ಹೆಂಡ್ತಿ ಪರ್ಸಲ್ಲಿ ನೋಟು ಇದ್ದಿದ್ದಕ್ಕೆ ಬಚಾವಾದ್ವಿ.