ಹಾಸಿಗೆ ಖಾಲಿಯಾಗದ ಆಸ್ಪತ್ರೆಗೆ ಬಿಐಎಂ ಮಾದರಿ

ಮುಂಬೈಯಲ್ಲಿ ಹೊಸ ಆಸ್ಪತ್ರೆಗೆ ಜಾಗ ಸಿಗುವುದು ಕಷ್ಟ. ಹಾಗಾಗಿ ಇಲ್ಲಿನ ಬಹಳಷ್ಟು ಕೆಲಸ ಇದ್ದ ಕಟ್ಟಡದ ಒಳಗೇ ನಡೆಯುತ್ತದೆ. ಮೂರನೇ ಮಹಡಿಯಲ್ಲಿ ಐಸಿಯು ಒಡೆದು ಕಟ್ಟುತ್ತಿರುವಾಗ ಎರಡನೆಯದರಲ್ಲಿ ಹೆರಿಗೆ ಆಗುತ್ತಿರುತ್ತದೆ, ನಾಲ್ಕನೆಯದರಲ್ಲಿ ಡಯಾಲಿಸಿಸ್ ನಡೆಯುತ್ತಿರುತ್ತದೆ. ಪುಣೆ, ಗೋವಾಗಳಲ್ಲೂ ಇದೇ ಕಥೆ. ಇಂಥ ಕೆಲಸಕ್ಕೆ ನೆರವಾಗುವ ಬಿಐಎಂ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ಎಂದರೆ ಬರೀ ಮೂರು ಆಯಾಮದ ಚಿತ್ರವಲ್ಲ. ಪ್ರತಿ ಗೋಡೆ, ಬಾಗಿಲು, ಕೊಳವೆಗೂ ಅದರದೇ ಮಾಹಿತಿ ಅಂಟಿಕೊಂಡಿರುವ ಮಾದರಿ. ನವೀಕರಣಕ್ಕೆ ಇದನ್ನು ಬಳಸುವಾಗ ಹೆಚ್ಚಿನ ತಂಡಗಳು ಮುಗಿದ ಮೇಲೆ ಆಸ್ಪತ್ರೆ ಹೇಗೆ ಕಾಣಬೇಕು ಎಂಬುದಕ್ಕೇ ಸಮಯವೆಲ್ಲ ಕೊಡುತ್ತವೆ. ನಾನು ಇದನ್ನು ಒಪ್ಪುವುದಿಲ್ಲ. ಮುಗಿದ ಆಸ್ಪತ್ರೆಯ ಮಾದರಿಗಿಂತ ಇವತ್ತಿನ ಆಸ್ಪತ್ರೆಯ ಮಾದರಿ ಮುಖ್ಯ. ಅದಕ್ಕಿಂತಲೂ ಮುಖ್ಯ, ಕೆಲಸ ಅರ್ಧ ಆಗಿರುವ ಆ ಎಂಟು ಹತ್ತು ತಿಂಗಳ ಆಸ್ಪತ್ರೆಯ ಮಾದರಿ. ರೋಗಿಗೆ ಅಪಾಯ ಆಗುವುದು ಆ ತಿಂಗಳುಗಳಲ್ಲಿ.

ಮೊದಲು ಇರುವುದನ್ನು ಅಳೆಯುವ ಮಾತು. ಮುಂಬೈಯ ಜೆ.ಜೆ. ಆಸ್ಪತ್ರೆ 1845ರದು, ಪುಣೆಯ ಸಸೂನ್ 1867ರದು, ಮುಂಬೈಯದೇ ಪರೇಲಿನ ಕೆಇಎಂ 1926ರದು. ಇಷ್ಟು ಹಳೆಯ ಆವರಣಗಳಲ್ಲಿ ಒಂದೊಂದು ಕಟ್ಟಡವೂ ಬೇರೆ ಬೇರೆ ಕಾಲದ್ದು. ಕಲ್ಲು ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆಗಳು ಒಂದು ಕಡೆ, 1970–80ರ ಆರ್‌ಸಿಸಿ ಕಟ್ಟಡಗಳು ಇನ್ನೊಂದು ಕಡೆ. ಗೋವಾದಲ್ಲಿ ಮುರಕಲ್ಲಿನ ಗೋಡೆ. ಸಿಗುವ ನಕ್ಷೆ ಯಾವುದಾದರೂ ಇರಲಿ, ಅದು ಕಟ್ಟಡಕ್ಕೆ ಹೊಂದುವುದಿಲ್ಲ ಎಂದೇ ಹಿಡಿದು ಲೇಸರ್ ಸ್ಕ್ಯಾನ್ ಮಾಡಿಸಬೇಕು. ವಾರ್ಡಿನಲ್ಲಿ ಪ್ರತಿ ಕೋಣೆಗೆ ಕನಿಷ್ಠ ಒಂದು ಸ್ಕ್ಯಾನ್, ಬಾಗಿಲ ಹೊಸ್ತಿಲಲ್ಲಿ ಇನ್ನೊಂದು. ಹೊಸ್ತಿಲಿನದು ತಪ್ಪಿದರೆ ಕೋಣೆಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಉದ್ದ ಕಾರಿಡಾರಿನ ತುದಿಗೆ ಬರುವಷ್ಟರಲ್ಲಿ ತಪ್ಪು ಬೆಳೆದಿರುತ್ತದೆ. ಹಾಗಾಗಿ ಎರಡೂ ಮೆಟ್ಟಿಲುಗಳ ಮೂಲಕ ಮಹಡಿಗಳನ್ನು ಜೋಡಿಸಿ, ಹೊರಟ ಜಾಗಕ್ಕೇ ವಾಪಸ್ ಬಂದು ಸುತ್ತು ಮುಚ್ಚಿದಾಗ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ನೋಡಬೇಕು.

ಸ್ಕ್ಯಾನರ್ ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಫಾಲ್ಸ್ ಸೀಲಿಂಗ್ ಮೇಲಿನದು, ಶಾಫ್ಟಿನ (ಕೊಳವೆಗಳು ಮಹಡಿಯಿಂದ ಮಹಡಿಗೆ ಹೋಗುವ ಕಿಂಡಿಯ) ಒಳಗಿನದು, ಗೋಡೆಯಲ್ಲಿ ಹೂತ ಕೊಳವೆ ಯಾವುದೂ ಅದಕ್ಕೆ ಕಾಣುವುದಿಲ್ಲ. ಕಾಣದ್ದನ್ನು ಊಹಿಸಿ ಬರೆದುಬಿಡುವುದೇ ದೊಡ್ಡ ತಪ್ಪು. ಪರದೆಯ ಮೇಲೆ ಊಹೆಯ ಕೊಳವೆಯೂ ಅಳೆದ ಕೊಳವೆಯೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಪ್ರತಿ ಹಳೆಯ ವಸ್ತುವಿಗೆ ಒಂದು ಪ್ಯಾರಾಮೀಟರ್ (ಮಾಹಿತಿ ತುಂಬುವ ಕಾಲಂ) ಇಡಿ: ‘ಸ್ಕ್ಯಾನ್ ಆಗಿದೆ’, ‘ಟೈಲ್ ತೆಗೆದು ಕಣ್ಣಾರೆ ನೋಡಿದೆ’, ‘ಹಳೆ ನಕ್ಷೆಯಿಂದ’, ‘ಊಹೆ’. ನಾಲ್ಕಕ್ಕೂ ಬೇರೆ ಬಣ್ಣ ಕೊಡಿ. ಊಹೆಯ ಬಣ್ಣ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಸೀಲಿಂಗ್ ತೆರೆಯಲು ವಾರ್ಡಿನ ಸಿಸ್ಟರ್ ಹತ್ತಿರ ಸಮಯ ಕೇಳಿ. ಎಲ್ಲ ಟೈಲ್ ತೆಗೆಯಬೇಕಾಗಿಲ್ಲ. ಪ್ರತಿ ತೊಲೆಯ ಎರಡೂ ಬದಿ, ಪ್ರತಿ ಶಾಫ್ಟಿನ ಬಾಯಿ, ಪ್ರತಿ ವಾಲ್ವ್ ಬಾಕ್ಸಿನ ಮೇಲೆ ಒಂದೊಂದು ಸಾಕು. ತುಂಬಿದ ವಾರ್ಡಿನಲ್ಲಿ ಟೈಲ್ ಎತ್ತುವಾಗ ಕೆಳಗೆ ಪ್ಲಾಸ್ಟಿಕ್ ಮುಸುಕು ಕಟ್ಟಿ. ವರ್ಷಗಳ ಧೂಳು ಅಲ್ಲಿ ಕೂತಿರುತ್ತದೆ.

ಹಳೆ ಗೋಡೆಯ ಉಬ್ಬು ತಗ್ಗನ್ನೆಲ್ಲ ಬರೆಯಲು ಹೋಗಬೇಡಿ. 20 ಮಿ.ಮೀ. ಒಳಗಿನ ವ್ಯತ್ಯಾಸಕ್ಕೆ ನೇರ ಗೋಡೆ ಎಂದು ಮೊದಲೇ ಲಿಖಿತವಾಗಿ ಒಪ್ಪಿಕೊಳ್ಳಿ. ಆದರೆ ಸ್ಟ್ರೆಚರ್ ತಿರುಗುವ ಮೂಲೆ, ಲಿಫ್ಟಿನ ಬಾಗಿಲು, ಮಾಡ್ಯುಲರ್ ಓಟಿಯ (ಸಿದ್ಧ ಫಲಕ ಜೋಡಿಸಿ ಕಟ್ಟುವ ಆಪರೇಷನ್ ಥಿಯೇಟರಿನ) ಗೋಡೆ ಈ ಮೂರನ್ನು 5–10 ಮಿ.ಮೀ. ನಿಖರತೆಯಲ್ಲೇ ಬರೆಯಬೇಕು.

ಈಗ ಎತ್ತರದ ಲೆಕ್ಕ. ನವೀಕರಣದ ಓಟಿ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. 6 × 6 ಮೀ. ಓಟಿ, 3 ಮೀ. ಎತ್ತರ, ಒಟ್ಟು 108 ಘನ ಮೀಟರ್. ಗಂಟೆಗೆ 20 ಸಲ ಗಾಳಿ ಬದಲಾಗಬೇಕೆಂದರೆ 2,160 ಘನ ಮೀಟರ್. ಟೇಬಲ್ ಮೇಲಿನ ಲ್ಯಾಮಿನಾರ್ ಪ್ಲೀನಮ್ (ಶುದ್ಧ ಗಾಳಿಯನ್ನು ಒಂದೇ ಸಮ ಕೆಳಗಿಳಿಸುವ ಪೆಟ್ಟಿಗೆ) 2.4 × 1.8 ಮೀ. ಇದ್ದು ಗಾಳಿ ಸೆಕೆಂಡಿಗೆ 0.15 ಮೀ. ವೇಗದಲ್ಲಿ ಇಳಿದರೆ ಗಂಟೆಗೆ ಸುಮಾರು 2,330 ಘನ ಮೀಟರ್. ಎರಡೂ ಹತ್ತಿರ ಹತ್ತಿರ ಇವೆ, ಆದರೆ ದೊಡ್ಡದನ್ನೇ ಹಿಡಿಯಬೇಕು. ಡಕ್ಟಿನಲ್ಲಿ (ಗಾಳಿ ಸಾಗಿಸುವ ತಗಡಿನ ಕೊಳವೆಯಲ್ಲಿ) ಸೆಕೆಂಡಿಗೆ 5 ಮೀ. ವೇಗ ಇಟ್ಟರೆ 450 × 300 ಮಿ.ಮೀ. ಡಕ್ಟ್ ಬೇಕು. ನಾಲ್ಕೂ ಬದಿಗೆ 50 ಮಿ.ಮೀ. ಇನ್ಸುಲೇಷನ್ ಸೇರಿದರೆ ಅದು 550 × 400 ಆಗುತ್ತದೆ. ಇನ್ಸುಲೇಷನ್ ಬರೆಯದೆ ಕ್ಲ್ಯಾಶ್ (ಒಂದು ಇನ್ನೊಂದಕ್ಕೆ ತಾಗುವುದು) ನೋಡುವವರು ಆ 100 ಮಿ.ಮೀ.ನಲ್ಲೇ ಸಿಕ್ಕಿಬೀಳುತ್ತಾರೆ.

ಇದನ್ನು ಎಂಬತ್ತರ ದಶಕದ ಆರ್‌ಸಿಸಿ ಕಟ್ಟಡದಲ್ಲಿ ಕೂರಿಸಿ ನೋಡಿ. ಮಹಡಿಯಿಂದ ಮಹಡಿಗೆ 3.6 ಮೀ., ಸ್ಲ್ಯಾಬ್ ಸೇರಿ ತೊಲೆ 600 ಮಿ.ಮೀ.; ತೊಲೆಯ ಕೆಳಗೆ ಉಳಿಯುವುದು 3 ಮೀ. ಅದರಡಿ ಡಕ್ಟ್ ದಾಟಿಸಿದರೆ 2.6, ಓಟಿಗೆ ಬೇಕಾದದ್ದು 3. ಹಳೆ ಟೈಲ್ ಮೇಲೆ ಹೊಸ ಟೈಲ್ ಹಾಕುತ್ತಾ ನೆಲ 75 ಮಿ.ಮೀ. ಮೇಲೆ ಬಂದಿದ್ದರೆ ಇನ್ನೂ ಕಡಿಮೆ. ದಾರಿ ಒಂದೇ. ಪ್ಲೀನಮ್ಮನ್ನು ಎರಡು ತೊಲೆಗಳ ನಡುವೆ ಸೇರಿಸಿ, ಡಕ್ಟನ್ನು ತೊಲೆಗೆ ಸಮಾನಾಂತರವಾಗಿ ಓಡಿಸಿ, ಏರ್ ಹ್ಯಾಂಡ್ಲಿಂಗ್ ಯೂನಿಟ್ಟನ್ನು (ಗಾಳಿ ಸೋಸಿ ತಳ್ಳುವ ಯಂತ್ರ) ಅದೇ ಬದಿಗೆ ತರಬೇಕು. ಅಂದರೆ ಓಟಿ ಟೇಬಲ್ ಎಲ್ಲಿರಬೇಕು ಎಂಬುದನ್ನು ಇಲ್ಲಿ ತೊಲೆಗಳೇ ಹೇಳುತ್ತವೆ. ಇದು ವಾಸ್ತುಶಿಲ್ಪಿಗೆ ಮೊದಲ ವಾರವೇ ಗೊತ್ತಾಗಬೇಕು. ಹಳೆಯ ಕಲ್ಲು ಕಟ್ಟಡಗಳಲ್ಲಿ ಎತ್ತರಕ್ಕೆ ಬರವಿಲ್ಲ, ಆದರೆ ಮೇಲಿನ ನೆಲ ಕಬ್ಬಿಣದ ಜಾಯಿಸ್ಟ್ ಮೇಲೆ ಇಟ್ಟಿಗೆ ಕಮಾನು ಆಗಿದ್ದರೆ ಓಟಿ ಪೆಂಡೆಂಟಿನ (ಅನಿಲ, ವಿದ್ಯುತ್ ತರುವ, ಮೇಲಿನಿಂದ ಇಳಿಬಿಟ್ಟ ತೋಳು) ಭಾರ ಹಿಡಿಯಲು ಬೇರೆ ಸ್ಟೀಲ್ ಫ್ರೇಮ್ ಬೇಕಾಗುತ್ತದೆ. ಮುರಕಲ್ಲಿನ ಗೋಡೆಯಲ್ಲಿ ಆ್ಯಂಕರ್ ಬೋಲ್ಟ್ ನಂಬಬೇಡಿ. ಬೆಡ್‌ಹೆಡ್ ಪ್ಯಾನೆಲ್ಲಿಗೆ (ಹಾಸಿಗೆಯ ತಲೆಯ ಬಳಿ ಅನಿಲ, ವಿದ್ಯುತ್ ಕೊಡುವ ಫಲಕ) ನೆಲದಿಂದ ನಿಲ್ಲುವ ಫ್ರೇಮ್ ಬರೆಯಿರಿ.

ಇನ್ನು ಹಂತಗಳು. ರೆವಿಟ್ ಎಂಬ ಬಿಐಎಂ ತಂತ್ರಾಂಶದಲ್ಲಿ ‘ಈಗಿರುವುದು’, ‘ಹೊಸದು’ ಎಂಬ ಎರಡೇ ಫೇಸ್ (ಹಂತ) ಇಟ್ಟು ಆಸ್ಪತ್ರೆಯ ನವೀಕರಣಕ್ಕೆ ಇಳಿಯಬಾರದು. ರೋಗಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಪ್ರತಿ ಸಲಕ್ಕೂ ಒಂದು ಫೇಸ್ ಬೇಕು. ತಾತ್ಕಾಲಿಕ ಗೋಡೆ ಎರಡನೇ ಹಂತದಲ್ಲಿ ಹುಟ್ಟಿ ಮೂರನೆಯದರಲ್ಲಿ ಹೋಗಬೇಕು. ತಾತ್ಕಾಲಿಕ ನರ್ಸಿಂಗ್ ಸ್ಟೇಷನ್, ತಾತ್ಕಾಲಿಕ ಆಮ್ಲಜನಕ ಕೊಳವೆ, ಅವಶೇಷ ಸಾಗಿಸುವ ದಾರಿ ಎಲ್ಲವೂ ಹಾಗೆಯೇ. ಇಲ್ಲಿ ಮೂರು ಕಡೆ ಎಡವುವುದು ಸಾಮಾನ್ಯ. ಒಂದು, ಲಿಂಕ್ ಮಾಡಿದ ಎಂಇಪಿ (ಹವಾನಿಯಂತ್ರಣ, ವಿದ್ಯುತ್, ಕೊಳಾಯಿ) ಮಾದರಿಯ ಫೇಸ್‌ಗಳನ್ನು ನಮ್ಮ ಫೇಸ್‌ಗಳಿಗೆ ಕೈಯಾರೆ ಹೊಂದಿಸದಿದ್ದರೆ ಒಡೆದುಹೋದ ಡಕ್ಟ್ ಕೂಡ ಇದ್ದಂತೆ ಕಾಣುತ್ತದೆ. ಎರಡು, ರೂಮ್ ಎಂಬುದು ಒಂದೇ ಫೇಸಿಗೆ ಸೇರಿದ ವಸ್ತು. ಮುಂದಿನ ಫೇಸಿಗೆ ತಾನಾಗಿ ಬರುವುದಿಲ್ಲ. ಹೀಗಾಗಿ ಮಧ್ಯದ ಹಂತದ ಪಟ್ಟಿಯಲ್ಲಿ ಕೋಣೆಗಳೇ ಇರುವುದಿಲ್ಲ, ಹಾಸಿಗೆ ಎಣಿಕೆ ತಪ್ಪುತ್ತದೆ. ಮೂರು, ಹಳೆ ಬಾಗಿಲನ್ನು ಒಡೆಯುವುದೆಂದು ಗುರುತಿಸಿದೊಡನೆ ರೆವಿಟ್ ಆ ಜಾಗಕ್ಕೆ ತಾನೇ ಗೋಡೆ ತುಂಬುತ್ತದೆ. ಅದೇ ಜಾಗದಲ್ಲಿ ದೊಡ್ಡ ಬಾಗಿಲು ಬರಬೇಕಿದ್ದರೆ ಆ ತುಂಬಿದ ಗೋಡೆ ಲೆಕ್ಕಪಟ್ಟಿಯಲ್ಲಿ ಉಳಿದು ಗುತ್ತಿಗೆದಾರನ ಬಿಲ್ಲಿಗೂ ಹೋಗಿಬಿಡಬಹುದು.

ಪ್ರತಿ ಫೇಸಿನಲ್ಲಿ ಬೆಂಕಿಯ ಸಮಯದ ದಾರಿಯನ್ನು ಹೊಸದಾಗಿ ಪರೀಕ್ಷಿಸಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಆಸ್ಪತ್ರೆಯ ಕಾರಿಡಾರಿಗೆ 2.4 ಮೀ. ಅಗಲ ಕೇಳುತ್ತದೆ. ತಾತ್ಕಾಲಿಕ ಗೋಡೆ 300 ಮಿ.ಮೀ. ಒಳಗೆ ಬಂದರೆ ಅದು 2.1 ಆಯಿತು. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯ್ದೆಯ ಪ್ರಕಾರ ಬೆಂಕಿ ತಡೆಯುವ ವ್ಯವಸ್ಥೆ ಸರಿಯಿದೆ ಎಂದು ಜನವರಿ, ಜುಲೈಗಳಲ್ಲಿ ಕೊಡುವ ಪ್ರಮಾಣಪತ್ರ ಕೆಲಸದ ನಡುವೆಯೂ ತಪ್ಪುವುದಿಲ್ಲ. 2021ರಲ್ಲಿ ಭಂಡಾರಾದ ನವಜಾತ ಶಿಶು ಘಟಕದಲ್ಲಿ, ವಿರಾರಿನ ಐಸಿಯುನಲ್ಲಿ ಬೆಂಕಿ ಬಿದ್ದು ಆದ ಸಾವುಗಳನ್ನು ಮರೆಯುವಂತಿಲ್ಲ. ತಾನಾಗಿ ಎದ್ದು ಓಡಲಾಗದವರು ಇರುವ ಮಹಡಿ ಇದು. ಅಗ್ನಿ ಗೋಡೆಯಲ್ಲಿ ಕೊರೆದ ಪ್ರತಿ ತೂತಿಗೆ ಮಾದರಿಯಲ್ಲಿ ಒಂದು ಸಂಖ್ಯೆ ಕೊಡಿ. ಮುಚ್ಚಿದ ದಿನ, ಬಳಸಿದ ಸೀಲಂಟ್, ಫೋಟೋ ಅದಕ್ಕೆ ಜೋಡಿಸಿ. ಕೋರ್ ಕಟಿಂಗ್ ಮಾಡಿ ಕೇಬಲ್ ಎಳೆದು ಹಾಗೇ ಬಿಟ್ಟ ತೂತಿನಿಂದಲೇ ಹೊಗೆ ಪಕ್ಕದ ವಾರ್ಡಿಗೆ ದಾಟುತ್ತದೆ.

ಆಮ್ಲಜನಕದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 2021ರ ಏಪ್ರಿಲ್ 21ರಂದು ನಾಸಿಕದ ಪಾಲಿಕೆ ಆಸ್ಪತ್ರೆಯಲ್ಲಿ ಟ್ಯಾಂಕ್ ಸೋರಿ ಪೂರೈಕೆ ಕುಸಿದಾಗ 20ಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಅದು ನವೀಕರಣದ ಅವಘಡವಲ್ಲ, ಆದರೆ ಕೊಳವೆಯಲ್ಲಿ ಒತ್ತಡ ಇಳಿದರೆ ಎಷ್ಟು ಬೇಗ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಮಾದರಿಯಲ್ಲಿ ಪ್ರತಿ ಏರಿಯಾ ವಾಲ್ವಿಗೂ (ಒಂದು ಭಾಗದ ಅನಿಲ ನಿಲ್ಲಿಸುವ ವಾಲ್ವ್) ಅದರ ಮುಂದಿರುವ ಹಾಸಿಗೆಗಳ ಪಟ್ಟಿ ಸೇರಿಸಿ. ಆಮೇಲೆ ಆಸ್ಪತ್ರೆಯವರ ಜೊತೆ ನಿಂತು, ಖಾಲಿ ವಾರ್ಡಿನಲ್ಲಿ ವಾಲ್ವ್ ಮುಚ್ಚಿ, ಪಟ್ಟಿ ನಿಜವೇ ಎಂದು ಪರೀಕ್ಷಿಸಿ. ವರ್ಷಗಳಲ್ಲಿ ಯಾರೋ ಜೋಡಿಸಿದ ಕವಲು ಪಕ್ಕದ ವಾರ್ಡಿಗೆ ಹೋಗಿರುವುದು ಅಪರೂಪವಲ್ಲ.

ಪೂರೈಕೆ ನಿಲ್ಲಿಸುವ ಅವಧಿಗೆ ಸಿಲಿಂಡರಿನ ಲೆಕ್ಕ ಹೀಗೆ. ಹತ್ತು ಹಾಸಿಗೆಯ ಐಸಿಯುನಲ್ಲಿ ತಲಾ ನಿಮಿಷಕ್ಕೆ 10 ಲೀಟರ್ ಎಂದರೆ ಗಂಟೆಗೆ 6 ಘನ ಮೀಟರ್. ಜಂಬೋ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್ ಇರುತ್ತದೆ. ನಾಲ್ಕು ಗಂಟೆಯ ಕೆಲಸಕ್ಕೆ ನಾಲ್ಕು ಸಿಲಿಂಡರ್, ಅಷ್ಟೇ ಮೀಸಲು, ಒಟ್ಟು ಎಂಟು. ಆದರೆ ಇಬ್ಬರು ರೋಗಿಗಳು ಹೈ ಫ್ಲೋ ಯಂತ್ರದ ಮೇಲೆ ತಲಾ ನಿಮಿಷಕ್ಕೆ 60 ಲೀಟರ್ ಎಳೆಯುತ್ತಿದ್ದರೆ ಲೆಕ್ಕವೇ ಬದಲು: ಗಂಟೆಗೆ 12 ಘನ ಮೀಟರ್, ಕೆಲಸಕ್ಕೆ ಏಳು, ಮೀಸಲಿಗೆ ಏಳು, ಒಟ್ಟು ಹದಿನಾಲ್ಕು ಸಿಲಿಂಡರ್. ಆ ಹದಿನಾಲ್ಕೂ ಎಲ್ಲಿ ನಿಲ್ಲುತ್ತವೆ, ಟ್ರಾಲಿ ಯಾವ ಲಿಫ್ಟಿನಲ್ಲಿ ಬರುತ್ತದೆ ಎಂಬುದೂ ಮಾದರಿಯಲ್ಲಿರಲಿ. ತಾಮ್ರದ ಕೊಳವೆ ಬ್ರೇಜಿಂಗ್ ಮಾಡುವಾಗ (ಕಾಯಿಸಿ ಬೆಸೆಯುವಾಗ) ಒಳಗೆ ನೈಟ್ರೋಜನ್ ಹರಿಯುತ್ತಲೇ ಇರಬೇಕು, ಇಲ್ಲದಿದ್ದರೆ ಒಳಗೋಡೆಯಲ್ಲಿ ಕಪ್ಪು ಆಕ್ಸೈಡ್ ಕಟ್ಟಿ ಪುಡಿಯಾಗಿ ಔಟ್‌ಲೆಟ್ಟಿಗೆ ಬರುತ್ತದೆ. ಮರುಜೋಡಣೆಯಾದ ಮೇಲೆ ಒಂದು ಸಲಕ್ಕೆ ಒಂದೇ ಅನಿಲಕ್ಕೆ ಒತ್ತಡ ಕೊಟ್ಟು, ಆ ಅನಿಲದ ಎಲ್ಲ ಔಟ್‌ಲೆಟ್ ತೆರೆಯುತ್ತವೆ, ಬೇರೆ ಯಾವುದೂ ತೆರೆಯುವುದಿಲ್ಲ ಎಂದು ನೋಡಬೇಕು. ಮಾದರಿ ಹಸಿರು ತೋರಿಸಿತು ಎಂದು ಈ ಪರೀಕ್ಷೆ ಬಿಡುವಂತಿಲ್ಲ.

ಧೂಳಿನ ಮಾತು. ಹಳೆ ಗೋಡೆ, ಒದ್ದೆ ಪ್ಲಾಸ್ಟರ್ ಒಡೆದಾಗ ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣ ಏಳುತ್ತದೆ. ಕೀಮೋಥೆರಪಿ ವಾರ್ಡಿನವರಿಗೆ ಅದು ಪ್ರಾಣಾಂತಕ. ಒಡೆಯುವ ಜಾಗ ಸುತ್ತಲಿನದಕ್ಕಿಂತ ಕಡಿಮೆ ಒತ್ತಡದಲ್ಲಿರಬೇಕು. 6 × 8 × 3 ಮೀ. ಜಾಗಕ್ಕೆ ಗಂಟೆಗೆ 12 ಸಲ ಗಾಳಿ ಎಳೆಯಬೇಕೆಂದರೆ 1,728 ಘನ ಮೀಟರ್, ಸುಮಾರು 1,000 ಸಿಎಫ್‌ಎಂನ (ನಿಮಿಷಕ್ಕೆ ಘನ ಅಡಿ) ಹೆಪಾ ಯಂತ್ರ, ಅಂದರೆ ಸೂಕ್ಷ್ಮ ಕಣ ಸೋಸಿ ಗಾಳಿ ಎಳೆಯುವ ಯಂತ್ರ. ಅದರ ಬಾಯಿ ಯಾವ ಕಿಟಕಿಯಿಂದ ಹೊರಗೆ ಹೋಗುತ್ತದೆ, ಆ ಕಿಟಕಿಯ ಪಕ್ಕದಲ್ಲಿ ಯಾವುದಾದರೂ ತಾಜಾ ಗಾಳಿಯ ಇನ್‌ಟೇಕ್ ಇದೆಯೇ ಎಂದು ಮಾದರಿಯಲ್ಲೇ ಗೊತ್ತಾಗುತ್ತದೆ. ತಾತ್ಕಾಲಿಕ ಗೋಡೆ ಫಾಲ್ಸ್ ಸೀಲಿಂಗಿಗೆ ನಿಲ್ಲಬಾರದು, ಸ್ಲ್ಯಾಬಿನವರೆಗೂ ಹೋಗಬೇಕು. ಸೀಲಿಂಗ್ ಮೇಲಿನಿಂದ ಧೂಳು ದಾಟುವುದನ್ನು ಕೆಳಗಿನ ಯಾರೂ ಕಾಣುವುದಿಲ್ಲ. ಹೊರಗೋಡೆ ಮತ್ತು ಟೆರೇಸ್ ತೆರೆಯುವ ಹಂತಗಳನ್ನು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಇಡಲೇಬೇಡಿ.

ಕ್ಲ್ಯಾಶ್ ಪರೀಕ್ಷೆಯಲ್ಲಿ ಮೂರು ಸಾವಿರ ಸಾಲಿನ ವರದಿ ಯಾರಿಗೂ ಬೇಡ. ಮೊದಲು ಕೊಳಚೆ ನೀರಿನ ಇಳಿಜಾರಿನ ಕೊಳವೆ ನೋಡಿ, ಅದಕ್ಕೆ ಜಾಗ ಬಿಡಲು ಬೇರೆಯವು ಸರಿಯಬೇಕು. 100 ಮಿ.ಮೀ. ಕೊಳವೆ 1:60 ಇಳಿಜಾರಿನಲ್ಲಿ 6 ಮೀ. ಓಡಿದರೆ 100 ಮಿ.ಮೀ. ಇಳಿದಿರುತ್ತದೆ, ಅದನ್ನು ಎತ್ತಲಾಗದು. ಆಮೇಲೆ ಡಕ್ಟ್, ಆಮೇಲೆ ಅನಿಲ, ಕೊನೆಗೆ ಕೇಬಲ್ ಟ್ರೇ. ಫೈರ್ ಡ್ಯಾಂಪರ್ (ಬೆಂಕಿಯಾದಾಗ ಡಕ್ಟ್ ಮುಚ್ಚುವ ಬಾಗಿಲು), ವಾಲ್ವ್, ಫಿಲ್ಟರ್ ಬಿಚ್ಚಲು ಬೇಕಾದ ಖಾಲಿ ಜಾಗವನ್ನೂ ಒಂದು ಡಬ್ಬಿಯಂತೆ ಫ್ಯಾಮಿಲಿಯೊಳಗೆ (ರೆವಿಟ್‌ನಲ್ಲಿ ಆ ವಸ್ತುವಿನ ಅಚ್ಚು) ಬರೆದಿಡಿ. ಕೊಳವೆಗೆ ಕೊಳವೆ ತಾಗುವುದು ಸೈಟಿನಲ್ಲಿ ಹೇಗೂ ಕಾಣುತ್ತದೆ, ಆದರೆ ಮೆಕ್ಯಾನಿಕ್‌ನ ಕೈ ಹೋಗದಿರುವುದು ಎರಡು ವರ್ಷದ ನಂತರ ಕಾಣುತ್ತದೆ.

ಎಕ್ಸ್‌ರೇ ಕೋಣೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಾರ್ಗದರ್ಶನ ಇದೆ: ಕಿರಣ ನೇರವಾಗಿ ಬೀಳುವ ಗೋಡೆಗೆ 35 ಸೆಂ.ಮೀ. ಇಟ್ಟಿಗೆ, ಉಳಿದವಕ್ಕೆ 23 ಸೆಂ.ಮೀ. ಅಥವಾ ಅದಕ್ಕೆ ಸಮನಾದ ರಕ್ಷಣೆ. ಈ ಗೋಡೆಗಳಿಗೆ ಬೇರೆ ವಾಲ್ ಟೈಪ್ ಮಾಡಿ ‘ಕೊರೆಯಬಾರದು’ ಎಂದು ಗುರುತಿಸಿ. ಸ್ವಿಚ್ ಬಾಕ್ಸಿಗೆಂದು ಎರಡೂ ಕಡೆಯಿಂದ ಬೆನ್ನಿಗೆ ಬೆನ್ನು ಕೊರೆದರೆ ಅಲ್ಲಿ ಉಳಿಯುವುದು ಅರ್ಧ ಗೋಡೆ. ಎಂಆರ್‌ಐನ 5 ಗಾಸ್ ರೇಖೆಯನ್ನು (ಯಂತ್ರದ ಕಾಂತಕ್ಷೇತ್ರ 5 ಗಾಸ್‌ಗೆ ಇಳಿಯುವ ಗಡಿ) ನಕ್ಷೆಯ ಮೇಲೆ ವೃತ್ತವಾಗಿ ಬರೆದರೆ ಸಾಲದು. ಅದು ಮೇಲಿನ, ಕೆಳಗಿನ ಮಹಡಿಗೂ ಹರಡುವ ಗಾತ್ರ. ಘನ ಆಕಾರವಾಗಿಯೇ ಬರೆದು ಪೇಸ್‌ಮೇಕರ್ ಇರುವವರು ಓಡಾಡುವ ಕಾರಿಡಾರಿಗೆ ತಾಗುತ್ತದೆಯೇ ನೋಡಿ.

ಮಾದರಿ ಎಷ್ಟೇ ಚೆನ್ನಾಗಿರಲಿ, ಗೋಡೆ ಒಡೆಯುವವರ ಕೈಗೆ ಹೋಗುವುದು ಒಂದು ಕಾಗದ. ಮುಂಬೈ, ಪುಣೆ, ಗೋವಾದ ಸೈಟುಗಳಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ, ಯಾದಗಿರಿ ಕಡೆಯ ಗೌಂಡಿಗಳು, ಕೂಲಿಗಳು ತುಂಬ ಜನ. ಇಂಗ್ಲಿಷ್ ಶೀಟು ಅವರಿಗೆ ಮೇಸ್ತ್ರಿಯ ಬಾಯಿಂದ ಹಿಂದಿಯಾಗಿ ತಲುಪುತ್ತದೆ, ದಾರಿಯಲ್ಲಿ ಅರ್ಧ ಕಳೆದಿರುತ್ತದೆ. ಕೋಣೆಗೊಂದು ಎ3 ಹಾಳೆ, ಅದರ ಮೇಲೆ ಮೂರು ಆಯಾಮದ ನೋಟ, ಮೂರು ಬಣ್ಣ, ಕನ್ನಡದಲ್ಲಿ ಮೂರು ಸಾಲು: ‘ಇದು ಇದ್ದಂಗ ಇರ್ಲಿ’, ‘ಇದನ್ನ ಒಡೀರಿ’, ‘ಇಲ್ಲಿ ಆಕ್ಸಿಜನ್ ಪೈಪ್ ಐತಿ, ಕೈ ಹಚ್ಚಬ್ಯಾಡ್ರಿ’. ಶೀಟ್ ಟೆಂಪ್ಲೇಟಿನಲ್ಲಿ ಕನ್ನಡ ಯೂನಿಕೋಡ್ ಫಾಂಟ್ ಒಮ್ಮೆ ಹೊಂದಿಸಿದರೆ ಮುಗಿಯಿತು. ಇಷ್ಟು ಸುಲಭದ ಕೆಲಸವನ್ನು ಎಲ್ಲ ತಂಡಗಳೂ ಮಾಡಬೇಕೆಂಬುದು ನನ್ನ ಮನವಿ.

ಹೊಸ ಫಾಲ್ಸ್ ಸೀಲಿಂಗ್ ಮುಚ್ಚುವ ಹಿಂದಿನ ದಿನ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಒಂದು ಮಹಡಿಗೆ ಒಂದು ದಿನ ಸಾಕು. ಸೈಟಿನಲ್ಲಿ ಸರಿದ ಕೊಳವೆ, ಡಕ್ಟುಗಳನ್ನು ಮಾದರಿಯಲ್ಲೂ ಸರಿಸಿ. ಪ್ರತಿ ವಾಲ್ವಿಗೆ ಮಾದರಿಯಲ್ಲಿರುವ ಸಂಖ್ಯೆಯದೇ ಲೋಹದ ಬಿಲ್ಲೆ ಕಟ್ಟಿ, ಅದರ ಕೆಳಗಿನ ಸೀಲಿಂಗ್ ಟೈಲಿನ ಮೂಲೆಗೆ ಅದೇ ಸಂಖ್ಯೆಯ ಚಿಕ್ಕ ಸ್ಟಿಕ್ಕರ್ ಅಂಟಿಸಿ. ರಾತ್ರಿ ಪಾಳಿಯ ಪ್ಲಂಬರ್ ಹತ್ತಿರ ಲ್ಯಾಪ್‌ಟಾಪ್ ಇರುವುದಿಲ್ಲ, ಏಣಿ ಮತ್ತು ಟಾರ್ಚ್ ಇರುತ್ತವೆ.