ಖಾಲಿ ತೋಟೆಯ ಓಲೆ

ಭಾನುವಾರ, ಸೆಪ್ಟೆಂಬರ್ 3, 2023
ಸ್ಯಾನ್ ಆಂಟೋನಿಯೊ, ಟೆಕ್ಸಸ್

ಇವತ್ತು ಕೈಲ್ ಪೊಳ್ದ್, ಕೊಡವರ ಆಯುಧ ಹಬ್ಬ. ನಾನು ಕೊಡಗಿನವಳಲ್ಲ, ತೀರ್ಥಹಳ್ಳಿ ಕಡೆಯವಳು. ಆದರೆ ಈ ಊರಲ್ಲಿ ನನಗೆ ತುಂಬ ಹತ್ತಿರದ ಗೆಳತಿ ವಿರಾಜಪೇಟೆಯವಳು. ಅವಳ ತವರಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಯೂ ಈ ಹೊತ್ತಿಗೆ ಮುಗಿದಿರುತ್ತದೆ. ಇಲ್ಲಿ ಸಂಜೆ ಅವಳ ಮನೆಯಲ್ಲಿ ಕಡಂಬುಟ್ಟು, ಪಂದಿ ಕರಿ. "ಹಬ್ಬಕ್ಕೆ ನಂಗೊಂದು ಜೊತೆ ತೋಟೆ ಓಲೆ ಮಾಡಿಕೊಡೇ" ಅಂತ ಹೋದ ತಿಂಗಳೇ ಹೇಳಿಟ್ಟಿದ್ದಳು. ತೋಟೆ ಓಲೆ ಅಂದರೆ ಖಾಲಿ ತೋಟೆಯ (ಕಾರ್ಟ್ರಿಡ್ಜಿನ) ತಳ ಕತ್ತರಿಸಿ ಮಾಡುವ ಕಿವಿಯೋಲೆ. ಹಾಗಾಗಿ ಬಿಸಿಲೇರುವ ಮೊದಲೇ ಗ್ಯಾರೇಜಿಗೆ ಇಳಿದೆ.

ನಾನು ಬಳಸುವುದು ಹಾರಿಸಿ ಮುಗಿದ ಖಾಲಿ ಹಿತ್ತಾಳೆ ತೋಟೆ ಮಾತ್ರ. ಪಕ್ಕದ ಮನೆಯ ಹಿರಿಯರೊಬ್ಬರು ಹಳೇ ತೋಟೆಗಳಿಗೆ ಮತ್ತೆ ಮದ್ದು ತುಂಬುವವರು. ಬಾಯಿ ಸೀಳಿದ ತೋಟೆ ಅವರಿಗೆ ಪ್ರಯೋಜನವಿಲ್ಲ. ನನಗೆ ಬೇಕಾದದ್ದು ತಳ. ಅದು ದಪ್ಪ, ಗಟ್ಟಿ, ಸುಲಭಕ್ಕೆ ಸೀಳುವುದಿಲ್ಲ. ಅವರು ಡಬ್ಬಿ ತುಂಬಿಸಿ ಕೊಟ್ಟರೂ ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ಒಳಗೆ ನೋಡುತ್ತೇನೆ. ತಳದಲ್ಲಿ ಬಂದೂಕಿನ ಸೂಜಿ (ಫೈರಿಂಗ್ ಪಿನ್) ಹೊಡೆದ ಗುಳಿ ಇದ್ದೂ ತುದಿಯಲ್ಲಿ ಗುಂಡು ಹಾಗೇ ಕೂತಿದ್ದರೆ ಅದು ಸಿಡಿಯದೆ ಉಳಿದ ಜೀವಂತ ತೋಟೆ. ಅಂಥದ್ದನ್ನು ಬಿಚ್ಚಲು ಹೋಗಬಾರದು, ಕೊರೆಯಲೂ ಹೋಗಬಾರದು. ಆಮೇಲೆ ಅಯಸ್ಕಾಂತ ಹಿಡಿಯುತ್ತೇನೆ. ಅಂಟಿಕೊಂಡರೆ ಅದು ಉಕ್ಕು, ಮೇಲಷ್ಟೇ ಹಿತ್ತಾಳೆ ಬಣ್ಣ. ಅದನ್ನು ಪಕ್ಕಕ್ಕಿಡುತ್ತೇನೆ.

ಓಲೆಗೆ 9 ಮಿ.ಮೀ. ಪಿಸ್ತೂಲಿನ ತೋಟೆಯೇ ಸರಿ. ತಳದ ಅಗಲ ಹತ್ತಿರ ಹತ್ತಿರ 10 ಮಿ.ಮೀ., ಕಿವಿ ಹಾಲೆಗೆ ಹೇಳಿ ಮಾಡಿಸಿದ ಅಳತೆ. ಸುತ್ತ ಕಂಪನಿಯ ಹೆಸರು, ತೋಟೆಯ ಅಳತೆ ಅಚ್ಚೊತ್ತಿರುತ್ತದೆ. ನಡುವೆ ಪ್ರೈಮರ್, ಅಂದರೆ ಸೂಜಿಯ ಏಟಿಗೆ ಸಿಡಿದು ಮದ್ದಿಗೆ ಬೆಂಕಿ ತಾಗಿಸುವ ಭಾಗ. ಅದರಲ್ಲಿ ಸೂಜಿ ಕುಕ್ಕಿದ ಗುಳಿ. ನನಗೆ ಎಲ್ಲಕ್ಕಿಂತ ಇಷ್ಟ ಆ ಗುಳಿಯೇ. ಬೇರೆ ಬೇರೆ ಪಿಸ್ತೂಲಿನ ಗುಳಿ ಒಂದೇ ಥರ ಇರುವುದಿಲ್ಲ. ಇವತ್ತು ಜೋಡಿಗೆ ಹೊಂದುವ ಎರಡು ತೋಟೆ ಹುಡುಕುವುದಕ್ಕೇ ಜಾಸ್ತಿ ಹೊತ್ತು ಹೋಯಿತು.

ಇದನ್ನು ಮಾಡಲು ಕೂರುವವರೆಲ್ಲ ಮೊದಲು ತಿಳಿಯಬೇಕಾದ ಮಾತೊಂದಿದೆ. ಸಾಮಾನ್ಯ ಪ್ರೈಮರಿನ ಮದ್ದಿನಲ್ಲಿ ಸೀಸ ಇರುತ್ತದೆ. ಹಾರಿಸಿದ ಮೇಲೂ ಅದರ ಕಪ್ಪು ಪುಡಿ ತೋಟೆಯೊಳಗೆ, ಪ್ರೈಮರಿನ ಹಿಂದೆ ಕೂತಿರುತ್ತದೆ. ಹೊರಗೆ ಎಷ್ಟು ಹೊಳೆಸಿದರೂ ಅದು ಹೋಗುವುದಿಲ್ಲ. ಸುಮಾರು ಜನ ಪ್ರೈಮರನ್ನು ತೆಗೆಯದೆ, ತಳ ಕತ್ತರಿಸಿ, ಮೇಲೆ ಪಾಲಿಶ್ ಹೊಡೆದು ಮಾರುತ್ತಾರೆ. ನನಗೆ ಇದನ್ನು ಒಪ್ಪಲು ಆಗುವುದಿಲ್ಲ. ಓಲೆಯನ್ನು ಕಂಕುಳಲ್ಲಿರುವ ಮಗು ಎಳೆದು ಬಾಯಿಗೆ ಹಾಕುತ್ತದೆ, ಅಲ್ವಾ? ಮಕ್ಕಳ ಮೈಗೆ ಇಷ್ಟು ಸೀಸ ಸೇರಿದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ.

ಅದಕ್ಕೇ ನನ್ನ ಕೆಲಸದಲ್ಲಿ ಹೆಚ್ಚಿನ ಪಾಲು ತೊಳೆಯುವುದೇ. ಕೈಗವಸು, ಮಾಸ್ಕ್ ಹಾಕಿಕೊಂಡು, ಬಾಯಿಯ ಕಡೆಯಿಂದ ಸಣ್ಣ ಕಡ್ಡಿ ತೂರಿಸಿ ತಟ್ಟಿ ಪ್ರೈಮರ್ ಹೊರಗೆ ಹಾಕುತ್ತೇನೆ. ಅದರ ಪುಟ್ಟ ಬಟ್ಟಲನ್ನು ಬೇರೆಯಾಗಿ ತೊಳೆಯುತ್ತೇನೆ. ತೋಟೆಗಳನ್ನು ಪಾತ್ರೆ ಸೋಪು, ಸಿಟ್ರಿಕ್ ಆಮ್ಲ ಹಾಕಿದ ಬಿಸಿನೀರಲ್ಲಿ ಮುಳುಗಿಸಿ ಉಜ್ಜುತ್ತೇನೆ. ಒಣಗಿದ್ದನ್ನು ಉಜ್ಜಿದರೆ ಸೀಸದ ಧೂಳು ಏಳುತ್ತದೆ. ಈ ಬಕೆಟ್ಟು, ಬ್ರಷ್ಷು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಆ ನೀರನ್ನು ಗಿಡಕ್ಕೂ ಹಾಕುವುದಿಲ್ಲ. ಕೊನೆಗೆ ಒಂದು ಸಲ ಹುಣಸೆಹುಳಿ, ಉಪ್ಪು. ಅಜ್ಜಿ ದೀಪ ಬೆಳಗುತ್ತಿದ್ದ ಈ ವಿಧಾನಕ್ಕೆ ಹಿತ್ತಾಳೆ ಈಗಲೂ ಚೆನ್ನಾಗಿಯೇ ಒಲಿಯುತ್ತದೆ.

ಅಮೋನಿಯ ಇರುವ ಪಾಲಿಶ್ ಮಾತ್ರ ಬೇಡ. ಇದರ ಹಿಂದೆ ನಮ್ಮ ನೆಲದ ಕಥೆಯೊಂದಿದೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟೆಗಳು ಮಳೆಗಾಲದಲ್ಲಿ ಸುಮ್ನೆ ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಅವನ್ನು ಇಡುತ್ತಿದ್ದದ್ದು ಕುದುರೆ ಲಾಯದಲ್ಲಿ. ಕುದುರೆ ಮೂತ್ರದ ಅಮೋನಿಯ, ಮಳೆಗಾಲದ ತೇವ, ತೋಟೆಯನ್ನು ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಬಿಗಿತ, ಮೂರೂ ಸೇರಿ ಹಿತ್ತಾಳೆ ಸೀಳುತ್ತಿತ್ತು. ಕಾರಣ ಸರಿಯಾಗಿ ಗೊತ್ತಾಗಿದ್ದು 1921ರಲ್ಲಿ. ತೋಟೆಯ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ನನ್ನ ಕೈಲಿರುವುದೂ ಅದೇ ಲೋಹ ಅನ್ನುವುದು ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ತೊಳೆದ ಮೇಲಿನ ಕೆಲಸ ಬೇಗ ಮುಗಿಯುತ್ತದೆ. ಸಣ್ಣ ಹಲ್ಲಿನ ಗರಗಸದಲ್ಲಿ ತಳ ಕತ್ತರಿಸಿ, ನೀರು ಹಾಕಿಕೊಂಡು ಮರಳು ಕಾಗದಕ್ಕೆ ತಿಕ್ಕಿ ಚಪ್ಪಟೆ ಮಾಡುತ್ತೇನೆ. ತೊಳೆದ ಪ್ರೈಮರ್ ಬಟ್ಟಲನ್ನು ಮತ್ತೆ ಅದರ ಜಾಗದಲ್ಲೇ ಅಂಟಿಸುತ್ತೇನೆ, ಗುಳಿ ಮುಂದಕ್ಕೆ ಕಾಣುವ ಹಾಗೆ. ಹಿಂದೆ ಕಿವಿಗೆ ಹಾಕುವ ಟೈಟೇನಿಯಂ ಕಡ್ಡಿಗೆ ಎಪಾಕ್ಸಿ ಅಂಟು. ಬೆಳ್ಳಿಯಂತೆ ಹೊಳೆಯುವ ತೋಟೆಗಳೂ ಸಿಗುತ್ತವೆ. ಅದು ನಿಕ್ಕಲ್ ಲೇಪ. ನಿಕ್ಕಲ್ ತಾಗಿದರೆ ಎಷ್ಟೋ ಜನರ ಕಿವಿ ತುರಿಸಿ ಕೆಂಪಾಗುತ್ತದೆ, ಹಾಗಾಗಿ ಅವನ್ನು ಓಲೆಗೆ ಬಳಸುವುದಿಲ್ಲ.

ಗೆಳತಿಗೆ ತಂಗಿಯ ಮದುವೆಗೆ ಊರಿಗೆ ಹೋಗುವಾಗ ಇನ್ನೊಂದು ಜೊತೆ ಒಯ್ಯುವ ಆಸೆ. ನಾನು ಬೇಡ ಅಂದೆ. ಖಾಲಿ ತಳ ಅಂತ ನಮಗೆ ಗೊತ್ತು. ಆದರೆ ಸ್ಕ್ಯಾನರ್ ಮುಂದೆ ಕೂತವರಿಗೆ ಕಾಣುವುದು ತೋಟೆಯ ಆಕಾರ. ಭಾರತದ ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ತೋಟೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗಿ ಜನ ಪರದಾಡಿದ್ದಾರೆ. ಮದುವೆ ಮನೆಗೆ ಹೊರಟವಳು ಆ ಗೋಜಿಗೆ ಯಾಕೆ ಬೀಳಬೇಕು?

ಮುಖ ಬಾಡಿಸಿಕೊಂಡಳು. ಆಮೇಲೆ, "ಸರಿ, ಹಾಗಾದ್ರೆ ತಂಗಿ ಇಲ್ಲಿಗೆ ಬಂದಾಗ ಮಾಡಿಕೊಡು" ಅಂದಳು. ಅದಕ್ಕೆ ಗುಳಿ ಹೊಂದುವ ಇನ್ನೆರಡು ತೋಟೆ ಈಗಲೇ ಎತ್ತಿಟ್ಟಿದ್ದೇನೆ. ಎಪಾಕ್ಸಿ ಗಟ್ಟಿಯಾಗಲು ಮಧ್ಯಾಹ್ನದವರೆಗೂ ಬಿಡಬೇಕು. ಐದು ಗಂಟೆಗೆ ಅವಳ ಮನೆಗೆ ಹೊರಡುತ್ತೇವೆ.