ಡಬಲ್ ಹಳದಿ

ಬೆಳಗ್ಗೆ ದಾವಣಗೆರೆಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದೆ. ಚಳಿ ಜಾಸ್ತಿ ಇತ್ತು. ಆದರೂ ಕಿಟಕಿ ತೆಗೆದೇ ಕೂತಿದ್ದೆ, ಫೋಟೋ ಹುಚ್ಚು. ಎದುರಿನ ಅಜ್ಜಿ ಸೆರಗನ್ನು ಕಿವಿಗೆ ಸುತ್ತಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು.

ತೋಳಹುಣಸೆ, ಕೊಡಗನೂರು, ಮಾಯಕೊಂಡ. ಹಳದಿ ಬೋರ್ಡು, ಕಪ್ಪು ಅಕ್ಷರ, ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅನ್ನೋ ಲೆಕ್ಕ. ಎಕ್ಸ್‌ಪ್ರೆಸ್‌ನಲ್ಲಿ ಇಷ್ಟು ವರ್ಷ ಓಡಾಡಿದ್ದೇನೆ, ಈ ಊರುಗಳೆಲ್ಲ ಬರುವಾಗ ನಿದ್ದೆ ಹೊಡೆಯುತ್ತಿದ್ದೆ.

"ಬೋರ್ಡಿನ ಫೋಟೋ ಯಾಕವ್ವ? ಮನುಷ್ಯರು ಸಿಗಲಿಲ್ಲೇನು?" ಅಂದರು ಅಜ್ಜಿ. ನಕ್ಕು ಸುಮ್ಮನಾದೆ.

ನನಗೆ ಬೋರ್ಡಿಗಿಂತ ಸಿಗ್ನಲ್ ಇಷ್ಟ. ಕೆಂಪು, ಹಸಿರು ಎಲ್ಲರಿಗೂ ಗೊತ್ತು. ಒಂದೇ ಹಳದಿ ಅಂದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲೋಕೆ ರೆಡಿಯಾಗು ಅಂತ. ಎರಡು ಹಳದಿ ಒಟ್ಟಿಗೆ ಉರಿದರೆ, ಮುಂದಿನದನ್ನು ನಿಧಾನವಾಗಿ ದಾಟೋಕೆ ಸಿದ್ಧವಾಗಿರು ಅಂತ. ಎಷ್ಟು ಮೊದಲೇ ಹೇಳಿಬಿಡುತ್ತಾರೆ ನೋಡಿ! ಮನೆಯಲ್ಲೂ ಜಗಳಕ್ಕೆ ಮುಂಚೆ ಯಾರಾದರೂ ಹೀಗೆ ಎರಡು ದೀಪ ಹಚ್ಚಿದ್ದರೆ ಚೆನ್ನಾಗಿರುತ್ತಿತ್ತು, ಅಲ್ವಾ? ಸುಮ್ನೆ ಹೇಳಿದೆ.

ಮಂಜಿನಲ್ಲಿ ಆ ಡಬಲ್ ಹಳದಿ ಹಿಡಿಯೋಕೆ 14 ಸಲ ಒತ್ತಿದೆ. 11 ಮಸುಕು. ಉಳಿದ ಮೂರರಲ್ಲಿ ಎರಡಕ್ಕೆ ಕಿಟಕಿಯ ಸರಳು ಅಡ್ಡ ಬಂದಿದೆ.

ಚಿಕ್ಕಜಾಜೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಬೀರೂರಿನ ಕಡೆ, ಇನ್ನೊಂದು ಚಿತ್ರದುರ್ಗದ ಕಡೆ. ಅಲ್ಲಿ ಇಳಿದು ಚಹಾ ಕುಡಿದೆ, ಬೆರಳು ಸ್ವಲ್ಪ ಬೆಚ್ಚಗಾಯಿತು. ವಾಪಸ್ ಬಂದರೆ ನನ್ನ ಕಿಟಕಿ ಸೀಟಿನಲ್ಲಿ ಅಜ್ಜಿ. ಕಿಟಕಿ ಪೂರ್ತಿ ಮುಚ್ಚಿತ್ತು.